ನಾಲ್ಕು ಊರಿನ ಹಾಜರಿ

ಒಬ್ಬ ಹುಡುಗಿ ಒಂದೇ ದಿನ ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳಲ್ಲಿ ಹಾಜರಿದ್ದಾಳೆ ಎಂಬುದನ್ನು ರೇಣುಕಯ್ಯನವರು ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟು ತೋರಿಸಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಬೆವರು ಬಂತು.

1979ರ ಮಾರ್ಚ್ ತಿಂಗಳ ಒಂದು ಶುಕ್ರವಾರ. ನಾನು ಚನ್ನಮಲ್ಲಯ್ಯ, ಆಗ ಮಧುಗಿರಿ ತಾಲ್ಲೂಕಿನ ಗುಂಡುಕಲ್ಲಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಗೆ ಹೆಡ್ ಮೇಷ್ಟ್ರು. ಮಿಡಿಗೇಶಿಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದರೆ ನಮ್ಮೂರು. ರೇಣುಕಯ್ಯನವರು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದಿದ್ದರು. ಬಂದವರು ನೀರು ಕೂಡ ಕುಡಿಯದೆ ಪುಸ್ತಕ ತೆಗೆಯಿರಿ ಎಂದಿದ್ದರು.

"ಬೋರಪ್ಪನ ಮಗಳು ಕ್ಯಾತಮ್ಮ. ಶಿರಾ ತಾಲ್ಲೂಕಿನಿಂದ ಈ ಹೆಸರಲ್ಲಿ ಒಂದು ಅರ್ಜಿ, ಪಾವಗಡದಿಂದ ಒಂದು, ಮಧುಗಿರಿಯಿಂದ ಒಂದು, ಕೊರಟಗೆರೆಯಿಂದ ಒಂದು. ಈ ಹುಡುಗಿ ಎಷ್ಟು ಸಲ ಪರೀಕ್ಷೆ ಬರೀತಾಳೆ ಚನ್ನಮಲ್ಲಯ್ಯನೋರೇ?"

ನಾಲ್ಕು ಶಾಲೆಯವರೂ ಅಲ್ಲಿದ್ದೆವು. ಶಿರಾ ಕಡೆಯ ಸಣ್ಣರಂಗಯ್ಯ, ಪಾವಗಡ ಕಡೆಯ ಕದಿರಯ್ಯ, ಕೊರಟಗೆರೆ ಕಡೆಯ ಈಶ್ವರಮ್ಮ ಟೀಚರ್, ಮತ್ತೆ ನಾನು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗದರಿಸುವ ನಾಲ್ವರೂ ಅವತ್ತು ಸಾಲಾಗಿ ಕೂತು ನೆಲ ನೋಡುತ್ತಿದ್ದೆವು. ಬಾಗಿಲ ಹತ್ತಿರ ಬೋರಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಕ್ಯಾತಮ್ಮ.

ಇದು ಹೇಗಾಯಿತೆಂದು ಹೇಳಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಬೋರಪ್ಪ ಶಿರಾ ತಾಲ್ಲೂಕಿನ ಒಂದು ಗೊಲ್ಲರ ಹಟ್ಟಿಯವನು. ಮುನ್ನೂರು ಕುರಿ. ಜೂನ್‌ನಿಂದ ದೀಪಾವಳಿವರೆಗೆ ಹಟ್ಟಿಯಲ್ಲೇ ಇರುತ್ತಾನೆ. ಆಮೇಲೆ ಮೇವು ಹುಡುಕಿಕೊಂಡು ಹೆಂಡತಿ ಮಕ್ಕಳ ಸಮೇತ ಹೊರಡುತ್ತಾನೆ. ಕಡಲೆಕಾಯಿ ಕಿತ್ತ ಮೇಲೆ ಪಾವಗಡದ ಹೊಲಗಳು, ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಡೆ, ಅಲ್ಲಿಂದ ಕೊರಟಗೆರೆಯ ಗದ್ದೆ ಬಯಲು. ಸಂಜೆಯಾದರೆ ಯಾವುದಾದರೂ ಹೊಲದಲ್ಲಿ ಮಂದೆ ನಿಲ್ಲಿಸುತ್ತಾನೆ. ಮುನ್ನೂರು ಕುರಿ ಒಂದು ಹೊಲದಲ್ಲಿ ಎರಡು ಮೂರು ರಾತ್ರಿ ಮಲಗೆದ್ದರೆ ಆ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಹಾಗಾಗಿ ಬೋರಪ್ಪ ಬರುತ್ತಾನೆಂದರೆ ರೈತರೆಲ್ಲ ಎರಡು ಮೈಲಿ ಮುಂದೆ ಹೋಗಿ ಕಾಯುತ್ತಿದ್ದರು. ಮಳೆಗಾಗಿ ಕೂಡ ಅಷ್ಟು ಆಸೆಯಿಂದ ಕಾದದ್ದನ್ನು ನಾನು ನೋಡಿಲ್ಲ.

1976ರಲ್ಲಿ ಈ ಮಂದೆಗಾಗಿ ಹೊಡೆದಾಟವೇ ಆಗಿಹೋಯಿತು. ಪಾವಗಡ ತಾಲ್ಲೂಕಿನವರು ಮುಂದಿನ ಟಗರನ್ನು ಹಿಡಿದೆಳೆದರು, ನಮ್ಮ ತಾಲ್ಲೂಕಿನವರು ಹಿಂದಿನಿಂದ ಕುರಿಗಳನ್ನು ಅಟ್ಟಿದರು. ಇಬ್ಬರ ತಲೆ ಒಡೆಯಿತು, ನಾಲ್ಕು ಕುರಿ ಸತ್ತವು. ಪೊಲೀಸರಿಗೆ ದೂರು ಕೊಡಲು ಹೋದರೆ ಅದು ನಮ್ಮ ಸರಹದ್ದಲ್ಲ ಎಂದು ಇಲ್ಲಿಯವರು ಅಲ್ಲಿಗೆ ಕಳಿಸಿದರು, ಅಲ್ಲಿಯವರು ಇಲ್ಲಿಗೆ ಕಳಿಸಿದರು. ಕೊನೆಗೆ ನಾಲ್ಕು ತಾಲ್ಲೂಕಿನ ನಾಲ್ಕು ಪಂಚಾಯಿತಿಗಳ ಛೇರ್ಮನ್ನರು ನಮ್ಮ ಶಾಲೆಯಲ್ಲಿ ಸೇರಿದರು. ನಾಲ್ಕು ಕಡೆಗೂ ನಡುವಿನ ಜಾಗ ಎಂಬುದು ಹೇಳಿಕೊಂಡ ಕಾರಣ. ಎಲ್ಲರೂ ಕೂರುವಷ್ಟು ಬೆಂಚುಗಳಿದ್ದದ್ದು ನಮ್ಮಲ್ಲಿ ಮಾತ್ರ.

ಮಂದೆ ಯಾವ ದಿನ ಯಾರ ಹೊಲದಲ್ಲಿ ನಿಲ್ಲಬೇಕೆಂದು ಸರದಿ ಪಟ್ಟಿ ಮಾಡುವುದೆಂದು ತೀರ್ಮಾನವಾಯಿತು. ಪಟ್ಟಿ ಮೀರಿದ ಮಂದೆಗೆ ಒಂದು ವರ್ಷ ನಾಲ್ಕೂ ಪಂಚಾಯಿತಿಯಲ್ಲಿ ಜಾಗವಿಲ್ಲ ಎಂಬ ಕಟ್ಟಳೆಯೂ ಆಯಿತು. ಬರೆಯುವವರು ಯಾರು? ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದರು. ಹೊಗಳಿಸಿಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಒಬ್ಬೊಬ್ಬ ಛೇರ್ಮನ್ನರೂ ತಮ್ಮ ಊರುಗಳ ಸರ್ವೆ ನಂಬರು, ರೈತರ ಹೆಸರು ಹೇಳುತ್ತ ಹೋದರು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕಪ್ಪು ಶಾಯಿಯಲ್ಲಿ ಹೆಸರು ಬರೆದು, ಪಂಚಾಯಿತಿಗೊಂದರಂತೆ ನಾಲ್ಕು ಪಟ್ಟಿ ಮಾಡಿಕೊಟ್ಟೆ, ಮುಂದೆ ಪ್ರತಿ ವರ್ಷ ತಾರೀಖು ಬದಲಿಸಿ ಅದನ್ನೇ ಬರೆದೆ. ಅಂಥ ಪಟ್ಟಿ ಕಚೇರಿಗಳಲ್ಲೂ ಸಿಗುವುದಿಲ್ಲ ಎಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡೆ.

ಚಹಾ ಬಂದು ಎಲ್ಲರೂ ಎದ್ದಾಗ ಕೊನೆಯಲ್ಲಿ ನಾನೊಂದು ಸಾಲು ಸೇರಿಸಿ ಓದಿದೆ. "ಶಾಲೆಗೆ ಹೋಗುವ ಮಕ್ಕಳಿರುವ ಮಂದೆಯನ್ನು ಶಾಲೆಯಿಂದ ಎರಡು ಮೈಲಿಯೊಳಗಿನ ಹೊಲಗಳಿಗೆ ಮೊದಲು ಕೊಡತಕ್ಕದ್ದು." ಚಹಾ ಕುಡಿಯುವ ಗಡಿಬಿಡಿಯಲ್ಲಿ ಯಾರೂ ಬೇಡವೆನ್ನಲಿಲ್ಲ. ಮುಂದಿನ ವರ್ಷದಿಂದ ಶಾಲೆಯ ಹತ್ತಿರ ಹೊಲವಿದ್ದ ರೈತರೆಲ್ಲ ವಿದ್ಯಾಭಿಮಾನಿಗಳಾಗಿಬಿಟ್ಟರು. ಕುರಿ ಎಷ್ಟು ಎಂದು ಕೇಳುವ ಮೊದಲು ಓದುವ ಮಕ್ಕಳು ಎಷ್ಟು ಎಂದು ಕೇಳತೊಡಗಿದರು.

ಹೀಗೆ ಕ್ಯಾತಮ್ಮ ನಾಲ್ಕು ಶಾಲೆಗಳ ಹುಡುಗಿಯಾದಳು. ಅದುವರೆಗೆ ಮಂದೆಯ ಮಕ್ಕಳು ದೀಪಾವಳಿಗೆ ಶಾಲೆ ಬಿಟ್ಟರೆ ಜೂನ್‌ವರೆಗೆ ಇಲ್ಲ. ಹೆಸರು ಹೊಡೆದುಹಾಕುವುದು, ಮತ್ತೆ ಸೇರಿಸುವುದು, ಮತ್ತೆ ಅದೇ ಕ್ಲಾಸು. ಮೂರು ಸಲ ಮೂರನೇ ಕ್ಲಾಸು ಓದಿದವರಿದ್ದರು. ನಾವು ನಾಲ್ವರೂ ಒಂದು ಮಾತು ಆಡಿಕೊಂಡೆವು. ಯಾವ ಊರಲ್ಲಿ ಮಂದೆ ನಿಂತಿದೆಯೋ ಆ ಊರಿನ ಶಾಲೆಯಲ್ಲಿ ಕೂರಲಿ, ಒಂದು ಕಡೆಯ ಹಾಜರಿ ನಾಲ್ಕು ಕಡೆಯ ಹಾಜರಿ. ಗೊಬ್ಬರದ ವಿಷಯವನ್ನು ಕೆಂಪು ಗೆರೆ ಹಾಕಿ ಬರೆದಿದ್ದ ನಾನು ಮಕ್ಕಳ ವಿಷಯವನ್ನು ಬಾಯಿಮಾತಿನಲ್ಲಿ ಬಿಟ್ಟೆ.

ಆ ಹುಡುಗಿಯ ಲೆಕ್ಕ ನೋಡಬೇಕಿತ್ತು. ಮುನ್ನೂರು ಕುರಿ ಎಣಿಸಿ ಬೆಳೆದವಳು, ಗುಣಾಕಾರವನ್ನು ಬಾಯಲ್ಲೇ ಮಾಡುತ್ತಿದ್ದಳು. ಆದರೆ ಅಪ್ಪನ ಮಾತು ಒಂದೇ. "ಏಳು ಪಾಸು ಮಾಡುದ್ರೆ ಸಿರಾದ ಆಸ್ಟೆಲಿಗೆ ಬುಡ್ತೀನಿ ಮೇಷ್ಟ್ರೇ. ಇಲ್ದಿದ್ರೆ ಈ ಬ್ಯಾಸ್ಗೇಲಿ ನಮ್ ಭಾವ್ಮೈದನ ಮಗುನ್ಗೆ ಕೊಟ್ಬುಡೋದೆಯ." ಬೋರಪ್ಪ ಕೆಟ್ಟವನಲ್ಲ. ಹೇಳಿದ್ದನ್ನು ಮಾಡುವವನು, ಅದೇ ತೊಂದರೆ.

ಈಗ ತಪ್ಪು ಎಲ್ಲಾಯಿತೆಂದು ನೋಡಿ. ಒಂದು ಕಡೆಯ ಹಾಜರಿ ನಾಲ್ಕು ಕಡೆಯದು ಎಂದಿದ್ದೆವಲ್ಲ, ನಾಲ್ವರೂ ಆ ಮಾತಿಗೆ ಸರಿಯಾಗಿ ನಡೆದುಕೊಂಡೆವು. ಅವಳು ನಮ್ಮೂರಲ್ಲಿ ಇಲ್ಲದ ದಿನವೂ ಉಳಿದ ಮೂರರಲ್ಲಿ ಎಲ್ಲೋ ಓದುತ್ತಿರುತ್ತಾಳೆ ಎಂದು ನಾನು ಹಾಜರಿ ಹಾಕಿದೆ. ಉಳಿದ ಮೂವರೂ ಹಾಗೇ ಹಾಕಿದರು. ಅವಳು ಕುರಿಮರಿ ಕಾಯುತ್ತ ಎಲ್ಲಿಗೂ ಹೋಗದ ದಿನವೂ ನಾಲ್ಕು ಪುಸ್ತಕದಲ್ಲಿ ಹಾಜರಿ ಬಿತ್ತು. ಪರೀಕ್ಷೆಯ ಅರ್ಜಿಯ ಹೊತ್ತಿಗೆ ಬೇರೆಯವರು ಮರೆತಾರು ಎಂದು ನಾಲ್ವರೂ ಕಳಿಸಿದೆವು. ನನ್ನ ಮಟ್ಟಿಗೆ ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಇಂಥ ಹುಡುಗಿ ನಮ್ಮ ಶಾಲೆಯ ಹೆಸರಲ್ಲಿ ಪಾಸಾಗಲಿ ಎಂಬ ಆಸೆ ನನಗಿತ್ತು. ಉಳಿದವರಿಗೂ ಇತ್ತೆಂದು ಅವರ ಮುಖವೇ ಹೇಳುತ್ತಿತ್ತು.

"ಎರಡು ಕಡೆ ಹೆಸರಿದ್ರೇ ಅರ್ಜಿ ರದ್ದು," ಎಂದರು ರೇಣುಕಯ್ಯ. "ಇದು ನಾಲ್ಕು ಕಡೆ. ಪುಸ್ತಕಗಳನ್ನ ನಂಬೋ ಹಾಗಿಲ್ಲ. ಈ ಹುಡುಗಿ ನಿಜವಾಗಿ ಎಷ್ಟು ದಿನ ಶಾಲೆಗೆ ಬಂದಿದ್ದಾಳೆ, ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ದೊಡ್ಡಹನುಮಯ್ಯನವರು ಕೆಮ್ಮಿದರು. ಪಾವಗಡ ತಾಲ್ಲೂಕಿನ ದಾಸರಬಂಡೆ ಪಂಚಾಯಿತಿಯ ಛೇರ್ಮನ್. ದೊಡ್ಡ ಆಳು, ದೊಡ್ಡ ಜಮೀನು, ದೊಡ್ಡ ದನಿ. ಮಂದೆಯ ಹುಡುಗಿಯ ವಿಚಾರಣೆ ಎಂದು ಗೊತ್ತಾಗಿ ಉಳಿದ ಮೂವರು ಛೇರ್ಮನ್ನರು ಪಟ್ಟಿ ಕಳಿಸಿ ಸುಮ್ಮನಾಗಿದ್ದರೆ ಇವರು ತಾವೇ ಪಟ್ಟಿ ಹಿಡಿದು ಬಂದಿದ್ದರು.

"ಸಾರ್, ಹುಡುಗಿ ಎಲ್ಲಿತ್ತು ಅಂತ ನಿಮ್ಮ ಪುಸ್ತಕ ಹೇಳ್ದೆ ಇರಬೌದು. ಮಂದೆ ಎಲ್ಲಿತ್ತು ಅಂತ ನಮ್ಮ ಪಟ್ಟಿ ಹೇಳ್ತದೆ. ಮಂದೆ ಬುಟ್ಟು ಹುಡುಗಿ ಎಲ್ಲಿಗೆ ಓಗ್ತದೆ?"

ರೇಣುಕಯ್ಯ ಪಟ್ಟಿ ತರಿಸಿಕೊಂಡು ನೋಡಿದರು. ನನ್ನ ಕೆಂಪು ಗೆರೆಗಳ ಮೇಲೆ ಅವರ ಬೆರಳು ನಿಧಾನವಾಗಿ ಹೋಯಿತು. ನ್ಯಾಯವಂತ ಮನುಷ್ಯ ಎಂದು ನನಗೆ ಆಗಲೇ ಅನ್ನಿಸಿತು, ಬಾಯಿ ಮಾತ್ರ ಸ್ವಲ್ಪ ಖಾರ.

"ಸರಿ. ಹಟ್ಟಿಯಲ್ಲಿದ್ದಷ್ಟು ದಿನ ಶಿರಾದ ಪುಸ್ತಕದ ಲೆಕ್ಕ. ಆಮೇಲಿನ ದಿನಗಳಲ್ಲಿ ಶಾಲೆಗೆ ಎರಡು ಮೈಲಿಯೊಳಗೆ ಮಂದೆ ನಿಂತಿದ್ದರೆ ಮಾತ್ರ, ಆಯಾ ಊರಿನ ಪುಸ್ತಕದ ಲೆಕ್ಕ. ಒಟ್ಟು ಇನ್ನೂರ ಹತ್ತು ದಿನ ಶಾಲೆ ನಡೆದಿದೆ. ಮುಕ್ಕಾಲು ಪಾಲು ಅಂದರೆ ನೂರೈವತ್ತೆಂಟು ಬೇಕು. ನೂರೈವತ್ತೇಳಾದರೂ ನಾನು ಸಹಿ ಹಾಕೋದಿಲ್ಲ. ಸಿಕ್ಕಿದರೆ ಮೂರು ಅರ್ಜಿ ವಾಪಸು ತಗೊಳ್ಳಿ, ಹುಟ್ಟೂರಿನ ಶಾಲೆಯಿಂದ ಒಂದೇ ಅರ್ಜಿ ಇರಲಿ."

ನಾವು ಕೂಡಿಸಿದೆವು. ಶಿರಾದ್ದು ತೊಂಬತ್ತು, ಪಾವಗಡದ್ದು ಇಪ್ಪತ್ತೈದು, ನಮ್ಮದು ಇಪ್ಪತ್ತೇಳು, ಕೊರಟಗೆರೆಯದು ಇಪ್ಪತ್ತೊಂದು. ನೂರ ಅರವತ್ತಮೂರು. ಈಶ್ವರಮ್ಮ ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ನೀರಿನ ಲೋಟಕ್ಕೆ ಕೈ ಹಾಕಿದೆ.

"ಇಷ್ಟೂ ದಿನ ಹೋಗಿದ್ದೆಯೇನಮ್ಮ?" ಎಂದು ರೇಣುಕಯ್ಯ ಕ್ಯಾತಮ್ಮನನ್ನು ಕೇಳಿದರು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಮೇಜಿನ ಹತ್ತಿರ ಬಂದು ಪಟ್ಟಿಯ ಮೇಲೆ ಬೆರಳಿಟ್ಟಳು.

"ಈ ಎರಡು ದಿನ ಓಗಿಲ್ಲ ಸಾ. ಕರೇ ಕುರಿ ಈದಿತ್ತು. ಮರಿ ಆಲು ಕುಡೀತಿರ್ಲಿಲ್ಲ."

"ಮತ್ತೆ?"

"ಅಟ್ಟೀಲಿದ್ದಾಗ ಒಂದಿನ ಅಳ್ಳ ಬಂದಿತ್ತು. ಈಚೆಗೆ ದಾಟಕ್ಕಾಗ್ಲಿಲ್ಲ. ಕೊರಟಗೆರೆ ತಾವ ನಮ್ಮವ್ವುಂಗೆ ಮೂರು ದಿನ ಜರ ಸಾ, ಮರಿ ನಾನೇ ನೋಡ್ಕಂಡೆ."

ನಾನು ಹಲ್ಲು ಕಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ನಿಲ್ಲಬಾರದೇ ಈ ಹುಡುಗಿ! ಸತ್ಯ ಹೇಳಬೇಕೆಂದು ವರ್ಷವಿಡೀ ಪಾಠ ಹೇಳಿದವನು ನಾನೇ. ಅದು ಈ ಮಟ್ಟಕ್ಕೆ ತಲೆಗೆ ಹೋಗಿರುತ್ತದೆಂದು ಯಾರಿಗೆ ಗೊತ್ತು?

"ಇನ್ನೊಂದಿನ ಸುಮ್ಕೆ ಓಗ್ಲಿಲ್ಲ ಸಾ. ಮನ್ಸಿರ್ಲಿಲ್ಲ."

ಏಳು ದಿನ ಹೋಯಿತು. ನೂರೈವತ್ತಾರು ಉಳಿಯಿತು. ಎರಡು ಕಡಿಮೆ.

ಕದಿರಯ್ಯ ಎದ್ದು ನಿಂತರು. ಮೃದು ಸ್ವಭಾವದವರು, ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಾಸರಬಂಡೆಯವರೇ, ಅಲ್ಲಿಯ ಊರಾಚೆಯ ಕೇರಿಯಲ್ಲಿ ಹುಟ್ಟಿ ಅದೇ ಊರಿಗೆ ಮೇಷ್ಟ್ರಾದವರು. "ಸರ್, ಡಿಸೆಂಬರ್ ಹನ್ನೆರಡು, ಹದಿಮೂರು. ಆ ಎರಡು ದಿನ ಈ ಲೆಕ್ಕದಲ್ಲಿ ಬಂದಿಲ್ಲ. ಹುಡುಗಿ ಶಾಲೆಗೆ ಬಂದಿದ್ಲು. ಭಿನ್ನರಾಶಿ ಶುರು ಮಾಡಿದ್ದೇ ಅವತ್ತು."

ರೇಣುಕಯ್ಯ ಪಟ್ಟಿ ನೋಡಿದರು. "ಹನ್ನೊಂದು, ಹನ್ನೆರಡು, ಹದಿಮೂರು, ಮೂರು ದಿನವೂ ಬೆಳಿಗ್ಗೆ ಮಂದೆ ದೊಡ್ಡಹನುಮಯ್ಯನವರ ಜಮೀನಿನಿಂದ ಎದ್ದಿದೆ. ನಿಮ್ಮ ಶಾಲೆಗೆ ಎಷ್ಟು ದೂರ?"

"ಆರು ಮೈಲಿ," ಎಂದರು ದೊಡ್ಡಹನುಮಯ್ಯ.

"ಆರು ಮೈಲಿಯಿಂದ ಬಂದ್ಲೇ? ಏನಮ್ಮ, ಆ ಎರಡು ದಿನ ಹೋಗಿದ್ದೆಯಾ?"

ಕ್ಯಾತಮ್ಮ ಅಪ್ಪನ ಕಡೆ ನೋಡಿದಳು. ಬೋರಪ್ಪ ಕಂಬಳಿಯ ಅಂಚು ಹಿಡಿದುಕೊಂಡು ನೆಲ ನೋಡುತ್ತಿದ್ದ.

"ಗೊತ್ತಿಲ್ಲ ಸಾ," ಎಂದಳು.

ಕರೇ ಕುರಿ ಈದ ದಿನ ಗೊತ್ತಿದೆ, ಹಳ್ಳ ಬಂದ ದಿನ ಗೊತ್ತಿದೆ, ಮನಸ್ಸಿಲ್ಲದ ದಿನವೂ ಗೊತ್ತಿದೆ. ಇದು ಗೊತ್ತಿಲ್ಲವಂತೆ. ಕದಿರಯ್ಯ ಏನೋ ಹೇಳಹೊರಟು, ದೊಡ್ಡಹನುಮಯ್ಯನವರ ಕಡೆ ಒಮ್ಮೆ ನೋಡಿ ಕೂತುಬಿಟ್ಟರು.

"ಸೋಮವಾರ ಮಧ್ಯಾಹ್ನದವರೆಗೆ ಸಮಯ ಕೊಡ್ತೀನಿ," ಎಂದು ರೇಣುಕಯ್ಯ ಪುಸ್ತಕ ಮುಚ್ಚಿದರು. "ಮಧುಗಿರಿಗೆ ಹೋಗೋ ದಾರೀಲಿ ಮತ್ತೆ ಇಲ್ಲಿಗೇ ಬರ್ತೀನಿ, ಪುಸ್ತಕ ಪಟ್ಟಿ ಎಲ್ಲಾ ಅಲ್ಲೀವರೆಗೆ ಇಲ್ಲೇ ಇರಲಿ. ಎರಡು ದಿನಕ್ಕೆ ಸರಿಯಾದ ಸಾಕ್ಷಿ ಇದ್ದರೆ ತೋರಿಸಿ. ಇಲ್ಲದಿದ್ದರೆ ನಾಲ್ಕೂ ಅರ್ಜಿ ರದ್ದು."

ಎಲ್ಲರೂ ಹೊರಟ ಮೇಲೆ ನಾನು ಕದಿರಯ್ಯನವರ ಜೊತೆ ಮಿಡಿಗೇಶಿಯವರೆಗೆ ನಡೆದೆ. ಅರ್ಧ ದಾರಿಯಲ್ಲಿ ನನ್ನ ಸಿಟ್ಟು ತಡೆಯಲಿಲ್ಲ. "ಏನ್ರೀ, ಗೊತ್ತಿದ್ದರೆ ಬಾಯಿ ಬಿಟ್ಟು ಹೇಳಬಾರದೇ? ಹುಡುಗಿಯ ಬಾಳು ಹಾಳಾಗ್ತಿದೆ!"

ಕದಿರಯ್ಯ ನಿಂತರು. "ಹೇಳಿದ್ರೆ ಯಾರ ಬಾಳು ಉಳಿಯುತ್ತೆ ಅಂತ ಯೋಚನೆ ಮಾಡ್ತಿದ್ದೆ ಸರ್."

ವಿಷಯ ಹೀಗಿತ್ತು. ಅವರ ಶಾಲೆಯ ಹಿಂದೆಯೇ ಪೆದ್ದಮ್ಮ ಎಂಬ ಮುದುಕಿಯ ಒಂದೂವರೆ ಎಕರೆ ಹೊಲ. ಕೇರಿಯವಳು. ಗಂಡ ತೀರಿಕೊಂಡು ಒಂಟಿ. ದೊಡ್ಡಹನುಮಯ್ಯನವರ ಜಮೀನಿನಲ್ಲೇ ಕೂಲಿ. ಮೂರು ವರ್ಷದಿಂದ ತನ್ನ ಹೊಲದಲ್ಲೂ ಮಂದೆ ನಿಲ್ಲಿಸಿ ಎಂದು ಪಂಚಾಯಿತಿಯ ಮುಂದೆ ಕೇಳುತ್ತಿದ್ದಳು. ನಿನ್ನ ನಂಬರು ಪಟ್ಟಿಯಲ್ಲಿಲ್ಲ ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಕ್ಯಾತಮ್ಮ ಅಪ್ಪನ ಬೆನ್ನು ಬಿದ್ದಳಂತೆ. ಎರಡು ದಿನ ಆ ಅವ್ವನ ಹೊಲದಾಗೆ ಬುಡಪ್ಪ, ಅವಳಿಗೂ ಗೊಬ್ರ ಆಗ್ತದೆ, ನನಗೂ ಇಸ್ಕೂಲು ಸಿಗ್ತದೆ ಎಂದು. ಬೋರಪ್ಪ ಛೇರ್ಮನ್ನರ ಜಮೀನಿನಲ್ಲಿ ಒಂದು ರಾತ್ರಿ ನಿಂತು, ಉಳಿದ ಎರಡು ರಾತ್ರಿ ಮಂದೆಯನ್ನು ಪೆದ್ದಮ್ಮನ ಹೊಲಕ್ಕೆ ಹೊಡೆದುಕೊಂಡು ಬಂದಿದ್ದ. ಈಗ ಅದನ್ನು ಹೇಳಿದರೆ ಪಟ್ಟಿ ಮೀರಿದ್ದಕ್ಕೆ ಬೋರಪ್ಪನಿಗೆ ಒಂದು ವರ್ಷ ಎಲ್ಲೂ ಜಾಗವಿಲ್ಲ. ಪೆದ್ದಮ್ಮನಿಗೆ ಕೂಲಿಯೂ ಇಲ್ಲ.

"ಅವಳ ನಂಬರು ಪಟ್ಟಿಯಲ್ಲಿ ಯಾಕಿಲ್ಲ?" ಎಂದೆ.

ಅಷ್ಟು ಹೊತ್ತಿಗೆ ಮಿಡಿಗೇಶಿ ಬಂದಿತ್ತು. ಕದಿರಯ್ಯ ನನ್ನ ಕಡೆ ತಿರುಗಿದರು. "ಆ ಪಟ್ಟಿಯಲ್ಲಿ ನಮ್ಮ ಕೇರಿಯವರದ್ದು ಯಾರದೂ ಇಲ್ಲ ಸರ್," ಎಂದು ಹೇಳಿ ಬಸ್ಸು ಬಂತೆಂದು ಓಡಿದರು.

ಶನಿವಾರ ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ಕೂತೆ. ನಾಲ್ಕು ಪುಸ್ತಕಗಳೂ ನನ್ನ ಬೀರುವಿನಲ್ಲೇ ಇದ್ದವು. ಎರಡು ದಿನವನ್ನು ಎಲ್ಲಿಂದಾದರೂ ಹುಟ್ಟಿಸಬಹುದಿತ್ತು. ಸಂಕ್ರಾಂತಿಯ ಮರುದಿನ ನಮ್ಮ ಶಾಲೆ ನಡೆದಿರಲಿಲ್ಲ, ನಡೆದಿತ್ತು ಎಂದು ಬರೆದರೆ ಯಾರು ಕೇಳುತ್ತಾರೆ? ಪೆನ್ನಿನ ಕ್ಯಾಪು ತೆಗೆದೆ. ಆ ಹುಡುಗಿ ಪಟ್ಟಿಯ ಮೇಲೆ ಬೆರಳಿಟ್ಟು ತನ್ನ ಏಳು ದಿನವನ್ನು ತಾನೇ ಕಳೆದದ್ದು ನೆನಪಾಯಿತು. ನಾಚಿಕೆಯಾಯಿತು. ಕ್ಯಾಪು ಹಾಕಿ ಬೀರು ಬೀಗ ಹಾಕಿದೆ.

ಸೋಮವಾರ ಹನ್ನೊಂದಕ್ಕೆ ರೇಣುಕಯ್ಯ ಬಂದರು. ಬೋರಪ್ಪ, ಕ್ಯಾತಮ್ಮ ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದರು. ಪಟ್ಟಿ ವಾಪಸು ತೆಗೆದುಕೊಂಡು ಹೋಗಲು ದೊಡ್ಡಹನುಮಯ್ಯನವರೂ ಬಂದರು. ಸಾಕ್ಷಿ ಏನಿದೆ ಎಂದು ರೇಣುಕಯ್ಯ ಕೇಳಿದರು. ನಾನು ಏನೂ ಇಲ್ಲ ಎಂದೆ. ಅಷ್ಟರಲ್ಲಿ ಕದಿರಯ್ಯ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಒಬ್ಬ ಮುದುಕಿ, ಕಾಲೆಲ್ಲ ಧೂಳು.

ಕ್ಯಾತಮ್ಮ ಎದ್ದು ನಿಂತಳು. "ಅವ್ವಾ, ನೀನ್ಯಾಕೆ ಬಂದೆ? ಓಗು."

"ನುವ್ವು ಸುಮ್ಕಿರೇ," ಎಂದಳು ಪೆದ್ದಮ್ಮ, ಪಾವಗಡ ಕಡೆಯ ತೆಲುಗು ಬೆರೆತ ಮಾತಿನಲ್ಲಿ. ಹೊಸ್ತಿಲಿನ ಆಚೆಯೇ ನಿಂತಿದ್ದಳು. ರೇಣುಕಯ್ಯ ಒಳಗೆ ಬನ್ನಿ ಎಂದು ಎರಡು ಸಲ ಹೇಳಿದ ಮೇಲೆ ಒಳಗೆ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ.

"ಅಯ್ಯಾ, ಆ ಎರಡು ರಾತ್ರಿ ಮಂದೆ ನಾ ಹೊಲದಾಗಿತ್ತು. ಇಸ್ಕೂಲ್ ಇಂದೆ. ಬೆಳಗಾಗ್ತಿದ್ದಂಗೆ ಮಂದೆ ಹೊಂಟೋಯ್ತು, ಈ ಪಿಲ್ಲ ನಾ ತಾವ್ಲೇ ಉಳ್ಕಂಡು ಗಂಟೆ ಹೊಡೆದಾಗ ಇಸ್ಕೂಲಿಗೆ ಓದ್ಲು. ಎರಡೂ ದಿನಾನೂವೆ. ಅಬದ್ಧಮು ಕಾದು, ಸುಳ್ಳಲ್ಲ. ಬೋರಪ್ಪಂದು ತಪ್ಪಿಲ್ಲ, ಬೇಡ್ಕಂಡೋಳು ನಾನು."

ಎಲ್ಲರೂ ದೊಡ್ಡಹನುಮಯ್ಯನವರ ಕಡೆ ನೋಡಿದರು. ಅವರ ಮುಖ ಕೆಂಪಾಗಿತ್ತು.

"ಅಂಗಾದ್ರೆ ನಮ್ಮ ಹೊಲದಾಗೆ ಒಂದೇ ರಾತ್ರಿನಾ?" ಎಂದರು ನಿಧಾನವಾಗಿ. "ಒಂದು ರಾತ್ರಿ ಗೊಬ್ರಾನೇ ಬಿದ್ದಿತ್ತು. ನಮ್ಮ ಆಳು ಮಂದೇನ ಯಾರ್ಗೋ ಬುಟ್ಟುಕೊಟ್ಟು ಕಾಸು ಇಸ್ಕಂಡವ್ನೆ ಅಂತ ಮೂರು ತಿಂಗಳಿಂದ ಅವನ ಮಕ ನೋಡಿಲ್ಲ ನಾನು. ಮನೆ ತಾವ ಬರಬ್ಯಾಡ ಅಂದ್ಬುಟ್ಟಿದ್ದೆ." ಬೋರಪ್ಪನ ಕಡೆ ತಿರುಗಿದರು. "ಲೇ ಬೋರಪ್ಪ, ಪಟ್ಟಿ ಮೀರುದ್ರೆ ಏನು ಅಂತ ಗೊತ್ತಲ್ಲ ನಿಂಗೆ?"

"ಗೊತ್ತು ಸ್ವಾಮಿ."

"ಗೊತ್ತಿದ್ದೂ ಮಾಡ್ದಾ?"

"ಮಗಳು ಕೇಳುದ್ಲು ಸ್ವಾಮಿ," ಎಂದ ಬೋರಪ್ಪ.

ಪೆದ್ದಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನೇ ನೋಡುತ್ತಿದ್ದಳು. ಓದಲು ಬರುತ್ತಿರಲಿಲ್ಲ. ಕೆಂಪು ಗೆರೆಗಳನ್ನು ನೋಡುತ್ತಿದ್ದಳು. "ಇದೇನಾ ಆ ಪಟ್ಟಿ? ಮೂರು ವರ್ಷದಿಂದ ಅದ್ರಾಗಿಲ್ಲ, ಅದ್ರಾಗಿಲ್ಲ ಅಂತಾರೆ. ಇದನ್ನ ಬರ್ದೋರು ಯಾರಯ್ಯಾ?"

ಯಾರನ್ನೂ ದೂರುವ ದನಿಯಲ್ಲ. ಊರಿನ ಬಾವಿ ತೋಡಿದವರು ಯಾರು ಎಂದು ಕೇಳಿದ ಹಾಗೆ ಕೇಳಿದಳು.

"ನಾನಮ್ಮ," ಎಂದೆ. "ನಾನು ಬರೆದದ್ದು."

"ನಮ್ಮ ನಂಬರು ಯಾಕೆ ಬರೀಲಿಲ್ಲ?"

ಛೇರ್ಮನ್ನರು ಹೇಳಿದಷ್ಟು ಬರೆದೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಶಾಲೆಯ ಮಕ್ಕಳ ಬಗ್ಗೆ ಒಂದು ಸಾಲನ್ನು ಯಾರೂ ಹೇಳದೆ ಸೇರಿಸಿದವನು ನಾನೇ ಅಲ್ಲವೇ? ಆ ಒಂದು ಸಾಲಿಗಾಗಿ ಮೂರು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದ್ದೆ. ಹೇಳದಿದ್ದುದನ್ನು ಸೇರಿಸಲು ಬರುತ್ತದೆಂದರೆ ಇದನ್ನೂ ಸೇರಿಸಬಹುದಿತ್ತು.

"ಛೇರ್ಮನ್ನರೇ, ಪಟ್ಟಿಯಲ್ಲಿ ಹೆಸರು ಬಿಟ್ಟವನು ನಾನು. ಮಂದೆ ಮೀರಿದ್ದು ತಪ್ಪಾದ ಪಟ್ಟಿಯನ್ನ. ದಂಡ ಹಾಕೋದಾದರೆ ಬರೆದವನಿಗೆ ಹಾಕಿ."

ದೊಡ್ಡಹನುಮಯ್ಯ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಸಿಟ್ಟಿನ ಮನುಷ್ಯ, ಎದ್ದು ಹೋಗುತ್ತಾರೆಂದೇ ನಾನು ತಿಳಿದೆ. ಅವರು ಪಟ್ಟಿಯನ್ನು ನನ್ನ ಕಡೆ ತಳ್ಳಿದರು.

"ಹೆಸರು ಹೇಳ್ದೋನು ನಾನಲ್ವಾ ಮೇಷ್ಟ್ರೇ? ದಂಡ ಹಾಕುದ್ರೆ ನನ್ನಿಂದ ಸುರು ಆಗಬೇಕಾಯ್ತದೆ. ಬುಡಿ. ಬರೀರಿ. ಹನ್ನೆರಡು, ಹದಿಮೂರರ ತಾವ ನನ್ನ ಹೆಸರು ಹೊಡ್ದಾಕಿ." ಪೆದ್ದಮ್ಮನ ಕಡೆ ನೋಡದೆ, "ನಾಳೆ ಕೆಲ್ಸುಕ್ಕೆ ಬಾ. ಆ ಆಳ್ನೂ ಕರ್ಕಂಬಾ," ಎಂದರು.

"ಸರ್ವೆ ನಂಬರು ಎಷ್ಟಮ್ಮ?" ಎಂದೆ.

"ನಲವತ್ತೆರಡು. ಒಂದೂವರೆ ಎಕ್ರೆ," ಎಂದಳು, ಕೇಳುವುದನ್ನೇ ಕಾಯುತ್ತಿದ್ದವಳ ಹಾಗೆ.

ಬರೆದೆ. ಛೇರ್ಮನ್ನರು ತಿದ್ದುಪಡಿಗೆ ಸಹಿ ಹಾಕಿದರು. ರೇಣುಕಯ್ಯ ನೂರೈವತ್ತಾರಕ್ಕೆ ಎರಡು ಕೂಡಿಸಿ, ಸಣ್ಣರಂಗಯ್ಯನವರ ಶಿರಾ ಅರ್ಜಿಯ ಮೇಲೆ ಸಹಿ ಹಾಕಿ, ಉಳಿದ ಮೂರನ್ನು ನನ್ನ ಕೈಗಿಟ್ಟರು. ನಮ್ಮ ಶಾಲೆಯ ಅರ್ಜಿಯನ್ನು ನಾನೇ ಹರಿದೆ. ಸಂಕಟವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ಇನ್ನೂ ಅನ್ನೊಂದು ಮಂದಿ ಐದೀವಯ್ಯಾ ನಮ್ಮ ಕೇರಿಯಾಗೆ, ಹೊಲ ಇರೋರು," ಎಂದಳು ಪೆದ್ದಮ್ಮ. "ಬರ್ಕಳ್ರಿ. ಒಂದೂವರೆ ಬಸ್ಸು ಐತೆ ನಂಗೆ."

ಹನ್ನೊಂದು ಜನರ ಹೆಸರು, ಹನ್ನೊಂದು ನಂಬರು ಅವಳಿಗೆ ಬಾಯಿಪಾಠ. ಈ ಸಲ ನಾನು ಬರೆಯಲಿಲ್ಲ. ಪೆನ್ನನ್ನು ಕ್ಯಾತಮ್ಮನಿಗೆ ಕೊಟ್ಟೆ. ಅವಳು ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿಕೊಂಡು ಒಂದೊಂದೇ ಬರೆದಳು. ಅಕ್ಷರ ಅಷ್ಟೇನೂ ದುಂಡಗಿರಲಿಲ್ಲ. ದೊಡ್ಡಹನುಮಯ್ಯ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೊನೆಯ ಹೆಸರು ಮುಗಿಯುವವರೆಗೆ ಕೂತಿದ್ದರು. ಪೆದ್ದಮ್ಮ ಮತ್ತೆ ಒಂದೊಂದನ್ನೂ ಓದಿಸಿ ಕೇಳಿ, ಸರಿ ಎಂದು ಹೊರಟಳು.

ಕ್ಯಾತಮ್ಮ ಮುಂದಿನ ಪಟ್ಟಿಯನ್ನು ಎಳೆದುಕೊಂಡಳು. ಅದು ನಮ್ಮೂರಿನದು, ಗುಂಡುಕಲ್ಲಹಳ್ಳಿಯದು. ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ತಲೆಯೆತ್ತಿದಳು.

"ಸಾ, ಇದ್ರಾಗೂ ಇಲ್ಲ. ನಿಮ್ಮೂರ ಕೇರಿಯೋರ ನಂಬರು ಯೋಳಿ ಸಾ, ಬರ್ದುಬುಡ್ತೀನಿ."

ನಮ್ಮೂರ ಕೇರಿಯ ಹದಿನಾಲ್ಕು ಮಕ್ಕಳ ಹೆಸರು ನನ್ನ ಹಾಜರಿ ಪುಸ್ತಕದಲ್ಲಿತ್ತು. ಒಂಬತ್ತು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಅಂಥ ಹೆಸರುಗಳನ್ನು ಕೂಗುತ್ತಿದ್ದೆ. ಅವರ ಮನೆಗಳಿಗೆ ಹೊಲ ಇದೆಯೋ ಇಲ್ಲವೋ ಎಂದು ಒಂದು ದಿನವೂ ಕೇಳಿರಲಿಲ್ಲ.

"ನಂಗೆ ಗೊತ್ತಿಲ್ಲ ಕಣಮ್ಮ," ಎಂದೆ. ಪಟ್ಟಿಯನ್ನೂ ಪೆನ್ನನ್ನೂ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಲ್ಲಿ ಕೇರಿಯ ಕಡೆ ಹೊರಟೆ.